ಅವರಜ್ಜಿಯ ತಟ್ಟೆ, ನಮ್ಮವ್ವನ ತಟ್ಟೆ

ಆಸ್ಪತ್ರೆಗೆ ಬೊಲಿವಿಯಾದವರು ಯಾರೇ ಬರಲಿ, ನನ್ನ ಕೋಣೆಗೇ ತಳ್ಳುತ್ತಿದ್ದರು. "ನೊಯೆಮಿ, ನಿಮ್ಮವರು ಬಂದಿದಾರೆ ನೋಡು," ಎಂದು ಕಾರಿಡಾರಿನ ಆ ತುದಿಯಿಂದಲೇ ಕೂಗು. ನಿಮ್ಮವರಂತೆ! ನಾನು ಹುಟ್ಟಿದ್ದು ಇದೇ ಬ್ಯೂನಸ್ ಐರಿಸ್‌ನಲ್ಲಿ, ಆ ಸರ್ಕಾರಿ ಆಸ್ಪತ್ರೆಯ ಕೂಗಳತೆಯಲ್ಲಿ. ನಮ್ಮಪ್ಪ ಅವ್ವ ಬೊಲಿವಿಯಾದ ಪೊಟೊಸಿಯಿಂದ ಬಸ್ಸು ಹತ್ತಿ ಬಂದವರು, ಅಷ್ಟೇ. ಆದರೆ ನನ್ನ ಮುಖ ನನಗಿಂತ ಮುಂಚೆ ಬಾಯಿ ಬಿಡುತ್ತದೆ.

ಬಿಳಿ ಕೋಟು ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದರೆ ಯಾರಾದರೂ ತಡೆದು, "ಅಮ್ಮಾ, ಮೇಲಿನ ಕಕ್ಕಸು ಕಟ್ಕೊಂಡಿದೆ, ಸ್ವಲ್ಪ ನೋಡಿ," ಎನ್ನುತ್ತಿದ್ದರು. ರೋಗಿಗಳು ನನ್ನೆದುರೇ ಕುರ್ಚಿಯಲ್ಲಿ ಕೂತು, "ಸೈಕಾಲಜಿಸ್ಟ್ ಯಾವಾಗ ಬರ್ತಾರೆ?" ಎಂದು ಕೇಳುತ್ತಿದ್ದರು. "ನಾನೇ," ಎಂದರೆ ಕೈಚೀಲ ಎತ್ತಿಕೊಂಡು ಎದ್ದು ಹೋಗುತ್ತಿದ್ದರು. ಈ ಊರಲ್ಲಿ ಮನಸ್ಸಿನ ಡಾಕ್ಟರಿಗೆ ಬರವಿಲ್ಲ. ಬೀದಿಗೊಬ್ಬರು ಸಿಗುತ್ತಾರೆ. ಟ್ಯಾಕ್ಸಿ ಓಡಿಸುವವನೂ ಹೋದ ವಾರ ತನ್ನ ಡಾಕ್ಟರು ಏನಂದರು ಎಂದು ಹೇಳುತ್ತಾ ಗೇರು ಬದಲಿಸುತ್ತಾನೆ. ಅಷ್ಟು ಜನರಲ್ಲಿ ನಮ್ಮ ಬಣ್ಣದವರು ಎಷ್ಟಿದ್ದಾರೆ, ತೋರಿಸಿ ನೋಡೋಣ.

ಸಂಬಳವೂ ಇರಲಿಲ್ಲ. ತಜ್ಞರೆನ್ನಿಸಿಕೊಳ್ಳಬೇಕಾದರೆ ಮೊದಲು ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಪುಕ್ಕಟೆ ದುಡಿಯಬೇಕು, ಅದು ಇಲ್ಲಿನ ಪದ್ಧತಿ. ಅಪ್ಪನ ಮನೆಯ ಬಾಡಿಗೆ ತಿನ್ನುವವರಿಗೆ ಅದು ಸರಿ. ನಾನು ಬೆಳಗ್ಗೆ ಆಸ್ಪತ್ರೆಯಲ್ಲಿ ದುಃಖ ಕೇಳುತ್ತಿದ್ದೆ, ಮಧ್ಯಾಹ್ನದ ಮೇಲೆ ಲಿನಿಯೆರ್ಸ್ ಮಾರುಕಟ್ಟೆಯಲ್ಲಿ ಅವ್ವನ ಅಂಗಡಿಗೆ ಆಲೂಗಡ್ಡೆ ಮೂಟೆ ಹೊರುತ್ತಿದ್ದೆ. ನಿಜ ಹೇಳಬೇಕೆಂದರೆ ಮೂಟೆಯೇ ಹಗುರ.

ಎಉಸೇಬಿಯಾಳನ್ನು ನನ್ನ ಬಳಿ ಕಳಿಸಿದ್ದು ಕೋರ್ಟು. ಅವಳು ಹೊಲಿಗೆಯವಳು. ಬೋರ್ಡಿಲ್ಲದ ಮನೆಯೊಳಗೆ ಸಾಲಾಗಿ ಮಿಷನ್ನುಗಳು, ಕಿಟಕಿಗೆ ಇಟ್ಟಿಗೆ ಗೋಡೆ, ಮಿಷನ್ನಿನ ಪಕ್ಕದಲ್ಲೇ ಹಾಸಿಗೆ. ಬೆಳಕು ಹರಿಯುವ ಮುಂಚೆ ಕೂತರೆ ಬೆನ್ನು ಸೆಟೆದುಕೊಳ್ಳುವವರೆಗೂ ಏಳುವಂತಿಲ್ಲ. ಅವಳ ತೋರುಬೆರಳಿನ ಉಗುರು ಸೀಳಿತ್ತು. ಸೂಜಿ ಅದರೊಳಗೆ ಹಾದುಹೋಗಿತ್ತು. ಮಾಲೀಕ ಶನಿವಾರ ಸಂಜೆ ಹೊರಗಿನಿಂದ ಬೀಗ ಜಡಿದುಕೊಂಡು ಹೋದರೆ ಬರುವುದು ಸೋಮವಾರ. ಅವನೂ ಪೊಟೊಸಿ ಕಡೆಯವನೇ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಚಳಿಗಾಲದ ಒಂದು ಶನಿವಾರ ಅವಳ ಮಗ ವಿಲ್ದೆರ್‌ಗೆ ಉಸಿರು ಕಟ್ಟಿತು. ಇನ್ನೂ ಸರಿಯಾಗಿ ಮಾತು ಬಾರದ ಕೂಸು. ಅವಳು ಬಾಗಿಲು ಬಡಿದಳು. ಕತ್ತರಿಯಿಂದ ಬೀಗದ ಸುತ್ತ ಮರ ಕೆತ್ತಿದಳು. ಕೈಯ ಚರ್ಮ ಕಿತ್ತುಬಂತು, ಬಾಗಿಲು ಬರಲಿಲ್ಲ. ಸೋಮವಾರ ಮಾಲೀಕ ಬೀಗ ತೆಗೆದಾಗ ಕೂಸು ತಣ್ಣಗಿತ್ತು. ಕೋರ್ಟು ಏನು ಹೇಳಿತು ಗೊತ್ತೇ? ತಾಯಿ ಸಕಾಲದಲ್ಲಿ ವೈದ್ಯರ ಬಳಿ ಒಯ್ಯಲಿಲ್ಲ, ನಿರ್ಲಕ್ಷ್ಯ. ಅವಳ ಹಿರಿಮಗಳು ಲಿಸ್ಬೆತ್‌ಳನ್ನು ಸರ್ಕಾರಿ ಮಕ್ಕಳ ಮನೆಗೆ ಒಯ್ದರು. ಆರು ವರ್ಷದ ಹುಡುಗಿ. ತಾಯಿಯ ಮನಸ್ಸು ನೆಟ್ಟಗಿದೆಯೋ ಇಲ್ಲವೋ ಆಸ್ಪತ್ರೆ ಹೇಳಲಿ, ಆಮೇಲೆ ಮಗು ಕೊಡುವ ಮಾತು ಎಂದರು. ಬೀಗ ಹಾಕಿದವನು ಇನ್ನೊಂದು ಬೀದಿಯಲ್ಲಿ ಇನ್ನೊಂದು ಮನೆ ಹಿಡಿದು ಮಿಷನ್ನು ಇಳಿಸಿಕೊಂಡ.

ಎಉಸೇಬಿಯಾ ನನ್ನ ಮುಂದೆ ವಾರಗಟ್ಟಲೆ ಬಾಯಿ ಬಿಡಲಿಲ್ಲ. 'ಮೂಕತನ' ಎಂದು ಬರೆಯಲು ಮೇಲಿನವರು ಪೆನ್ನು ಹಿಡಿದೇ ಕೂತಿದ್ದರು. ಮೂಕತನವೇ? ನಮ್ಮವ್ವ ಹಾಗೆ ವರ್ಷಗಟ್ಟಲೆ ಇದ್ದಳು. ಗುರುತಿಲ್ಲದವರ ಮುಂದೆ, ಕುರ್ಚಿಯಲ್ಲಿ ಕೂತವರ ಮುಂದೆ, ನಮ್ಮ ಹೆಂಗಸರು ಮಾತಾಡುವುದಿಲ್ಲ. ಮಾತಾಡಿ ಏನು ಸಿಕ್ಕಿದೆ ಅವರಿಗೆ? ನಾನೂ ಸುಮ್ಮನೆ ಕೂತೆ. ಒಂದು ದಿನ ನನ್ನ ಕೋಟಿನ ತೋಳಿನಿಂದ ಒಂದು ಎಳೆ ದಾರ ಜೋತುಬಿದ್ದಿತ್ತು. ಅವಳು ಅದನ್ನೇ ನೋಡಿ ನೋಡಿ, ಕೊನೆಗೆ ತಡೆಯಲಾರದೆ ಎದ್ದು ಬಂದು, ನನ್ನ ತೋಳು ಹಿಡಿದು, ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದಳು.

"ಕೆಟ್ಟ ಹೊಲಿಗೆ," ಎಂದಳು. ಅದು ಅವಳ ಮೊದಲ ಮಾತು. ಆಮೇಲೆ, "ಯಾವೂರವ್ವ ನಿಮ್ದು?"

"ನಮ್ಮವ್ವ ಪೊಟೊಸಿಯ ಚಯಾಂತಾ ಕಡೆಯವಳು."

"ಹಂಗಾದ್ರೆ ನಿಮ್ಗೆ ಹೇಳ್ಬೋದು. ಡಾಕ್ಟ್ರವ್ವ, ನವೆಂಬರ್ ಒಂದ್ನೇ ತಾರೀಕು ಮಧ್ಯಾಹ್ನ ನನ್ ಮಗ ಬತ್ತಾನೆ. ಮೇಜು ಇಕ್ಬೇಕು. ಮೊದಲ್ನೇ ವರ್ಸ. ಮೇಜು ಇಕ್ದೇ ಇದ್ರೆ ಕೂಸು ಬರಿಗೈಲಿ ಕಂಡೋರ ಮನೆ ಬಾಗ್ಲಲ್ಲಿ ನಿಂತ್ಕೊಂಡು ಅಳ್ತದೆ. ಅವನಿಗೆ ದಾರಿ ತಿಳೀದು. ಅಕ್ಕ ಇದ್ರೆ ಬತ್ತಾನೆ. ರೊಟ್ಟಿ ಗೊಂಬೆನ ಅವಳೇ ತಟ್ಬೇಕು. ಅದೊಂದಿನ ಲಿಸ್ಬೆತ್‌ನ ಕಳಿಸ್ಕೊಡಿ ಅನ್ನಿ ಅವರ್ಗೆ. ಸಂಜೆಗೆ ವಾಪಸ್ ಬಿಟ್ಬುಡ್ತೀನಿ. ನಿಮ್ ಕಾಲ್ಗೆ ಬೀಳ್ತೀನಿ."

ನಮ್ಮ ಮನೆಯಲ್ಲೂ ಆ ದಿನ ಸತ್ತವರಿಗೆ ಮೇಜು ಇಡುತ್ತಾರೆ. ಕೂಸಿಗಾದರೆ ಬಿಳಿ ಬಟ್ಟೆ, ದೊಡ್ಡವರಿಗೆ ಕಪ್ಪು. ಮಗುವಿನ ಮುಖವಿರುವ ರೊಟ್ಟಿ ಗೊಂಬೆ, ಮೇಲಿನಿಂದ ಇಳಿದು ಬರಲು ರೊಟ್ಟಿಯ ಏಣಿ, ಕಬ್ಬು, ಸತ್ತವರಿಗೆ ಇಷ್ಟವಾದ ಅಡುಗೆ. ಮಧ್ಯಾಹ್ನ ಬರುತ್ತಾರೆ, ಮಾರನೆಯ ಮಧ್ಯಾಹ್ನ ಕಳಿಸಿಕೊಡುತ್ತೇವೆ. ಮೂರು ವರ್ಷ ಇಟ್ಟರೆ ಸಾಕು ಎನ್ನುತ್ತಾರೆ. ನಮ್ಮವ್ವ ನಿಲ್ಲಿಸಲೇ ಇಲ್ಲ. ನನ್ನ ತಮ್ಮ ಎಫ್ರಾಯಿನ್‌ಗೆ ಇಂದಿಗೂ ಇಡುತ್ತಾಳೆ. ಅವನೂ ಹೊಲಿಗೆ ಮನೆಯಲ್ಲೇ ಸತ್ತವನು. ಅವ್ವನ ಮಿಷನ್ನಿನ ಕೆಳಗೆ ಬಟ್ಟೆ ಚಿಂದಿಯ ಮೇಲೆ ಮಲಗಿಸುತ್ತಿದ್ದರು. ನೂಲಿನ ಧೂಳು ಎದೆಯಲ್ಲಿ ಕೂತು ಹೋದ. ಅವನ ತೊಟ್ಟಿಲು ತೂಗುತ್ತಿದ್ದವಳು ನಾನು, ತೊಟ್ಟಿಲೆಂದರೆ ರಟ್ಟಿನ ಡಬ್ಬ.

"ಕೇಳ್ತೀನಿ ಎಉಸೇಬಿಯಾ," ಎಂದೆ. "ಬರೆದು ಕೇಳ್ತೀನಿ."

ಅಷ್ಟರಲ್ಲಿ ವಾರ್ಡಿನ ಡಾಕ್ಟರ ಕಿವಿಗೂ ಅದು ಬಿತ್ತು. ಎಉಸೇಬಿಯಾ ಮಾತು ಕಲಿತ ಸಂತೋಷಕ್ಕೆ ಅವರ ಮುಂದೆಯೂ ಹೇಳಿಕೊಂಡಿದ್ದಳು. ಸತ್ತ ಮಗ ಮಧ್ಯಾಹ್ನಕ್ಕೆ ಬರುತ್ತಾನಂತೆ, ಊಟ ಬಡಿಸಬೇಕಂತೆ, ಬದುಕಿರುವ ಮಗಳನ್ನೂ ಜೊತೆಗೆ ಕೂರಿಸಿಕೊಳ್ಳುತ್ತಾಳಂತೆ. ಚಿತ್ತಭ್ರಮೆ. ಅಪಾಯಕಾರಿ. ಅವತ್ತೇ ಅವಳನ್ನು ವಾರ್ಡಿಗೆ ಸೇರಿಸಿಕೊಂಡು ಸೂಜಿ ಚುಚ್ಚಿದರು.

ಪ್ರತಿ ಬುಧವಾರ ನಮ್ಮ ವಿಭಾಗದ ಸಭೆ ನಡೆಯುತ್ತಿತ್ತು. ದುಂಡಗೆ ಕುರ್ಚಿ ಹಾಕಿ ಕೂರುತ್ತಿದ್ದೆವು. ಮಾತೆ ಎಂಬ ಕಹಿ ಕಷಾಯ ಸುತ್ತು ಬರುತ್ತಿತ್ತು. ಎಲ್ಲರಿಗೂ ಒಂದೇ ಸೋರೆಬುರುಡೆ, ಒಂದೇ ಹೀರುಕೊಳವೆ. ಇಲ್ಲಿ ಅದನ್ನು ಒರೆಸಿ ಕುಡಿಯುವುದೆಂದರೆ ಮುಂಚೆ ಕುಡಿದವರ ಮುಖಕ್ಕೆ ಉಗಿದ ಹಾಗೆ. ನನ್ನ ಪಕ್ಕ ಕೂರುತ್ತಿದ್ದವಳು ಲುಕ್ರೇಸಿಯಾ. ನನ್ನ ಓರಗೆಯವಳು, ನನ್ನ ಹಾಗೇ ಕಲಿಯಲು ಬಂದವಳು. ಹೆಗಲಲ್ಲಿ ನಮ್ಮವ್ವನ ಊರ ಬಣ್ಣದ ನೇಯ್ಗೆಯ ಚೀಲ. ಬೊಲಿವಿಯಾಕ್ಕೆ ಪ್ರವಾಸ ಹೋಗಿದ್ದಾಗ ಕೊಂಡಿದ್ದು. ನಾನು ಕುಡಿದ ಮೇಲೆ ಅವಳು ಮೆಲ್ಲಗೆ ಟಿಶ್ಯೂ ತೆಗೆದು ಕೊಳವೆ ಒರೆಸುತ್ತಿದ್ದಳು. "ನಂಗೆ ಶೀತ ಕಣೇ, ತಪ್ಪು ತಿಳ್ಕೋಬೇಡ," ಎನ್ನುತ್ತಿದ್ದಳು. ವರ್ಷವಿಡೀ ಅವಳಿಗೆ ಶೀತ. ಒಂದು ದಿನವೂ ಸೀನಿದ್ದು ಕಾಣೆ.

ಸಭೆಯ ಯಜಮಾನ ಡಾಕ್ಟರ್ ಬೆರ್ತೊಲೊತ್ತಿ. ಕುರುಚಲು ಗಡ್ಡ, ಮೆತ್ತನೆ ದನಿ. ನಾನು ಸೇರಿದ ಹೊಸತರಲ್ಲಿ ಅವರು ತಮ್ಮ ಅಜ್ಜಿಯ ಕಥೆ ಹೇಳಿದ್ದರು. ಇಟಲಿಯಿಂದ ಹಡಗಿನಲ್ಲಿ ಬಂದವರಂತೆ. ಜೊತೆಗಿದ್ದ ತಮ್ಮ ಸಮುದ್ರದ ಪಾಲಾದನಂತೆ. ಅಂದಿನಿಂದ ಸಾಯುವವರೆಗೂ ಪ್ರತಿ ಕ್ರಿಸ್‌ಮಸ್ ಊಟದಲ್ಲಿ ಆ ತಮ್ಮನಿಗೊಂದು ತಟ್ಟೆ. ಆ ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ. ಹೇಳುತ್ತಾ ಹೇಳುತ್ತಾ ಡಾಕ್ಟರು ಅತ್ತುಬಿಟ್ಟರು. ಎಲ್ಲರೂ ಅತ್ತರು. ನಾನೂ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, "ನಮ್ಮ ಗಾಯಾನೇ ನಮ್ಮ ಉಪಕರಣ. ಗಾಯ ಇಲ್ಲದೋನು ಇನ್ನೊಬ್ಬರ ಗಾಯ ಮುಟ್ಟೋಕಾಗಲ್ಲ," ಎಂದರು. ಎಲ್ಲರೂ ಬರೆದುಕೊಂಡರು.

ಸಭೆಗೊಂದು ಕಟ್ಟಳೆಯಿತ್ತು. ರೋಗಿಯ ಕಥೆ ಹೇಳಿದರೆ ಸಾಲದು, ಅದನ್ನು ಕೇಳುವಾಗ ನಿನ್ನೊಳಗೆ ಏನಾಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು. ಅದನ್ನು ಬಚ್ಚಿಡುವವರು ಈ ಕೆಲಸಕ್ಕೆ ಲಾಯಕ್ಕಲ್ಲ. ಕೋಣೆಯ ಮಾತು ಕೋಣೆ ದಾಟುವುದಿಲ್ಲ. ನಾನು ಆ ಕಟ್ಟಳೆಯನ್ನು ನಂಬಿದೆ. ನಂಬದೆ ಇನ್ನೇನು ಮಾಡಲಿ? ಅದನ್ನು ಕಲಿಯಲೆಂದೇ ಅಲ್ಲವೇ ಪುಕ್ಕಟೆ ದುಡಿದದ್ದು?

ಅಕ್ಟೋಬರಿನ ಬುಧವಾರವೊಂದರಂದು ಎಉಸೇಬಿಯಾಳ ಕಥೆ ಹೇಳಿದೆ. ಬೀಗ, ಕತ್ತರಿ, ಮೇಜು ಎಲ್ಲ ಹೇಳಿದೆ. ಆಮೇಲೆ ನನ್ನದು ಹೇಳಿದೆ. ಎಫ್ರಾಯಿನ್, ರಟ್ಟಿನ ಡಬ್ಬ, ನಮ್ಮವ್ವ ಹಾಸುವ ಬಿಳಿ ಬಟ್ಟೆ. "ಅವಳು ಮಾತಾಡುವಾಗ ನನ್ನ ಎದೆ ಕಟ್ಟುತ್ತೆ ಡಾಕ್ಟ್ರೇ. ಅವಳ ಮಗನಿಗೆ ನಾನೂ ಕಾಯ್ತಿದೀನಿ ಅನ್ಸುತ್ತೆ," ಎಂದೆ.

ಯಾರೂ ಅಳಲಿಲ್ಲ. ಯಾರೂ ಬರೆದುಕೊಳ್ಳಲಿಲ್ಲ. ಕಷಾಯದ ಬುರುಡೆ ಯಾರದೋ ಕೈಯಲ್ಲಿ ನಿಂತುಹೋಯಿತು.

"ಥ್ಯಾಂಕ್ಸ್ ನೊಯೆಮಿ," ಎಂದರು ಬೆರ್ತೊಲೊತ್ತಿ. "ಧೈರ್ಯವಾಗಿ ಹೇಳಿದೆ. ಆದ್ರೆ ನೋಡು, ನಂಗೀಗ ಚಿಂತೆ ಆಗ್ತಿರೋದು ರೋಗಿ ಬಗ್ಗೆ ಅಲ್ಲ, ನಿನ್ನ ಬಗ್ಗೆ. ನೀನು ಅವಳ ಜೊತೆ ಸೇರಿಹೋಗಿದೀಯ. ಅಂತರಾನೇ ಉಳಿದಿಲ್ಲ. ಈ ಕೇಸು ಲುಕ್ರೇಸಿಯಾ ನೋಡ್ಕೊಳ್ಳಲಿ."

"ಅವಳಿಗೇನು ಗೊತ್ತು ಡಾಕ್ಟ್ರೇ?"

"ಏ, ನಾನು ನಿಮ್ಮೂರಿಗೆ ಹೋಗಿ ಬಂದಿದೀನಪ್ಪ," ಎಂದಳು ಲುಕ್ರೇಸಿಯಾ. "ಉಪ್ಪಿನ ಬಯಲೆಲ್ಲಾ ನೋಡಿದೀನಿ. ಎಷ್ಟು ಚೆಂದ ಗೊತ್ತಾ!"

"ಇದು ಭ್ರಮೆ ಅಲ್ಲ," ಎಂದೆ. "ಲಿನಿಯೆರ್ಸ್‌ನಿಂದ ಲುಗಾನೊವರೆಗೆ ಮನೆಮನೇಲೂ ಮೇಜು ಇಡ್ತಾರೆ. ಇದು ಹುಚ್ಚು ಅನ್ನೋದಾದ್ರೆ ಆ ಬೀದಿಗಳಿಗೆಲ್ಲಾ ಸೂಜಿ ಚುಚ್ಚಿ. ನಮ್ಮವ್ವನಿಂದ್ಲೇ ಶುರು ಮಾಡಿ. ನಿಮ್ಮಜ್ಜಿ ಇಡ್ತಿರ್ಲಿಲ್ವಾ ತಟ್ಟೆ?"

ಅವರ ಮುಖ ಬಿಗಿಯಿತು. "ಅದು ಬೇರೆ ಕಣೇ ಕರಿ ಚಿನ್ನ. ಅದು ನೆನಪು. ನಮ್ಮಜ್ಜಿಗೆ ತಮ್ಮ ಬರಲ್ಲ ಅಂತ ಗೊತ್ತಿತ್ತು."

"ನೀವು ಕೇಳಿದ್ರಾ ಅವರನ್ನ?"

ಕೋಣೆಯಲ್ಲಿ ಯಾರೋ ಕೆಮ್ಮಿದರು. ಅತ್ತೆ ಒಡೆದರೆ ಹಳೇ ಮಡಕೆ, ಸೊಸೆ ಒಡೆದರೆ ಹೊಸ ಮಡಕೆ. ಅವರಜ್ಜಿಯ ತಟ್ಟೆ ನೆನಪು, ನಮ್ಮವ್ವನ ತಟ್ಟೆ ರೋಗ. ಅವರ ಗಾಯ ಉಪಕರಣ, ನನ್ನ ಗಾಯ ಕೀವು. ಕರಿ ಚಿನ್ನ ಎಂದು ಮುದ್ದಿಗೆ ಕರೆದದ್ದಂತೆ. ಆ ಮುದ್ದನ್ನು ಅವರು ಲುಕ್ರೇಸಿಯಾಳ ಮೇಲೆ ಒಂದು ದಿನವೂ ತೋರಿಸಲಿಲ್ಲ.

ಎರಡು ದಿನ ಬಿಟ್ಟು ಅವರ ಕೋಣೆಗೆ ಕರೆದರು. ಮೇಜಿನ ಮೇಲೆ ಕೋರ್ಟಿಗೆ ಹೋಗುವ ವರದಿ ಇತ್ತು. ಎಉಸೇಬಿಯಾಗೆ ತೀವ್ರ ಚಿತ್ತಭ್ರಮೆ, ಮಗಳನ್ನು ಒಪ್ಪಿಸುವುದು ಸೂಕ್ತವಲ್ಲ. ಕೆಳಗೆ ಲುಕ್ರೇಸಿಯಾಳ ಸಹಿ, ಅದರ ಪಕ್ಕ ಖಾಲಿ ಜಾಗ.

"ಇಷ್ಟು ದಿನ ನೋಡಿದೋಳು ನೀನು. ನಿನ್ನ ಸಹಿ ಇದ್ರೆ ಜಡ್ಜಿಗೆ ಅನುಮಾನ ಬರಲ್ಲ," ಎಂದರು. "ಅವರ ಸಮುದಾಯದೋಳೇ ಒಪ್ಪಿದಾಳೆ ಅಂತ ಆಗುತ್ತೆ. ನಿನ್ನ ಭವಿಷ್ಯಕ್ಕೂ ಒಳ್ಳೇದು. ಮುಂದಿನ ವರ್ಷ ಸಂಬಳದ ಹುದ್ದೆ ಒಂದು ಖಾಲಿಯಾಗ್ತಿದೆ."

ಈಗ ಬೇಕಾಯಿತು ಸಮುದಾಯ! ಕಾಪಾಡಬೇಕಾದಾಗ ಅದು ಸೋಂಕು, ಕೊಲ್ಲಬೇಕಾದಾಗ ಅದು ಸಾಕ್ಷಿ. ಅವರು ಪೆನ್ನು ಚಾಚಿದರು. ನಾನು ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೆ.

"ಹಾಕಲ್ಲ."

"ಯೋಚ್ನೆ ಮಾಡು."

"ಮಾಡಿದೀನಿ. ಹಾಕಲ್ಲ. ಕೋರ್ಟಿಗೆ ನಾನೇ ಹೋಗ್ತೀನಿ. ನನಗೆ ಗೊತ್ತಿರೋದನ್ನ ಅಲ್ಲೇ ಹೇಳ್ತೀನಿ."

"ಹಾಕದಿದ್ರೆ ನಾಳೆಯಿಂದ ಇಲ್ಲಿಗೆ ಬರೋ ಅಗತ್ಯ ಇಲ್ಲ," ಎಂದರು. ಮೆತ್ತನೆ ದನಿ ಒಂದಿಷ್ಟೂ ಗಟ್ಟಿಯಾಗಲಿಲ್ಲ. ನಾನು ಕೋಟು ಬಿಚ್ಚಿ ಅವರ ಮೇಜಿನ ಮೇಲೆ, ಆ ವರದಿಯ ಮೇಲೆ ಹಾಕಿ ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ಎದೆಯುಬ್ಬಿತ್ತು. ಹೇಳಿದೆನಲ್ಲ, ಮಾಡಿದೆನಲ್ಲ ಎಂಬ ಹುಮ್ಮಸ್ಸು. ಆ ಹುಮ್ಮಸ್ಸು ಕೋರ್ಟಿನ ಬಾಗಿಲವರೆಗೆ ಇತ್ತು.

ಕೋರ್ಟು ಎಂದರೆ ಇಕ್ಕಟ್ಟಾದ ಒಂದು ಆಫೀಸು. ಜಡ್ಜಮ್ಮ ಕನ್ನಡಕ ಹಣೆಗೇರಿಸಿ ಕೂತಿದ್ದರು. ನಾನು ಎಲ್ಲ ಹೇಳಿದೆ. ಮೇಜಿನ ಬಗ್ಗೆ, ನಮ್ಮ ಪದ್ಧತಿಯ ಬಗ್ಗೆ, ಹೊರಗಿನಿಂದ ಹಾಕಿದ ಬೀಗದ ಬಗ್ಗೆ. ಅವರು ತಲೆಯಾಡಿಸುತ್ತಾ ಕೇಳಿದರು. ಆಸೆ ಹುಟ್ಟಿತು. ಆಮೇಲೆ ಗುಮಾಸ್ತ ಆಸ್ಪತ್ರೆಯ ವರದಿಗೆ ನಾನು ಬಿಟ್ಟ ಮೇಲೆ ಸೇರಿಸಿದ್ದ ಕೊನೆಯ ಭಾಗವನ್ನು ಗಟ್ಟಿಯಾಗಿ ಓದಿದ.

"'ಹಿಂದೆ ಚಿಕಿತ್ಸೆ ನೀಡುತ್ತಿದ್ದವರು ರೋಗಿಯ ಸಮುದಾಯಕ್ಕೇ ಸೇರಿದವರು. ಬಾಲ್ಯದಲ್ಲಿ ಸಹೋದರನ ಮರಣದಿಂದ ಇನ್ನೂ ಚೇತರಿಸಿಕೊಂಡಿಲ್ಲ. ರೋಗಿಯ ಮೃತ ಪುತ್ರನಿಗಾಗಿ ತಾವೂ ಕಾಯುತ್ತಿರುವುದಾಗಿ ಸಹೋದ್ಯೋಗಿಗಳ ಮುಂದೆ ಹೇಳಿದ್ದಾರೆ. ಅವರ ಅಭಿಪ್ರಾಯವನ್ನು ಪರಿಗಣಿಸುವಾಗ ಎಚ್ಚರ ಅಗತ್ಯ.'"

ಜಡ್ಜಮ್ಮ ಕನ್ನಡಕ ಇಳಿಸಿ ನನ್ನನ್ನು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ರೋಗಿಗಳನ್ನು ನೋಡುವ ನೋಟ ಅದು.

"ಇದು ನಿಜಾನಾ, ಮೇಡಂ? ನೀವು ಹೀಗೆ ಹೇಳಿದ್ರಾ?"

ಹೇಳಿದ್ದೆ. ನನಗೆ ಕಲಿಸಿದ್ದನ್ನೇ ಮಾಡಿದ್ದೆ. ಮುಚ್ಚುಮರೆಯಿಲ್ಲದೆ ಎದೆ ತೆರೆದು ತೋರಿಸಿದ್ದೆ. ಅವರು ಅದರೊಳಗೆ ಕೈ ಹಾಕಿ ನನ್ನ ತಮ್ಮನನ್ನು ಹೊರಗೆಳೆದು ಸರ್ಕಾರಿ ಕಾಗದದ ಮೇಲೆ ಮಲಗಿಸಿದ್ದರು.

"ಹೌದು," ಎಂದೆ. "ಆದ್ರೆ ಅದು..."

"ಸಾಕು. ಥ್ಯಾಂಕ್ಸ್," ಎಂದರು ಜಡ್ಜಮ್ಮ. ದಯೆಯಿಂದಲೇ ಅಂದರು. ಮಗಳು ಮಕ್ಕಳ ಮನೆಯಲ್ಲೇ ಇರಲಿ, ಒಂದು ದಿನದ ಮಟ್ಟಿಗೂ ಕಳಿಸುವುದು ಬೇಡ ಎಂದಾಯಿತು.

ನವೆಂಬರ್ ಒಂದರಂದು ಅವ್ವ ಎಫ್ರಾಯಿನ್‌ನ ಗೊಂಬೆಯ ಜೊತೆ ವಿಲ್ದೆರ್‌ಗೂ ಒಂದು ರೊಟ್ಟಿ ಗೊಂಬೆ ಸುಟ್ಟಳು. "ತಗೊಂಡೋಗು. ಅವಳ ಕೈಲಾಗ್ದು ಅಂದ್ರೆ ಯಾರಾದ್ರೂ ಇಡ್ಲೇಬೇಕು. ಕೂಸು ಏನ್ ತಪ್ ಮಾಡ್ತು?" ಎಂದಳು. ಬಿಳಿ ಕರವಸ್ತ್ರದಲ್ಲಿ ಗೊಂಬೆ ಸುತ್ತಿಕೊಂಡು, ಕೋಟಿಲ್ಲದೆ, ರೋಗಿಗಳನ್ನು ನೋಡಲು ಬಂದವರ ಸಾಲಿನಲ್ಲಿ ನಿಂತು ಒಳಗೆ ಹೋದೆ. ಬಾಗಿಲಲ್ಲಿದ್ದವನು ನನ್ನ ಗುರುತು ಹಿಡಿಯಲಿಲ್ಲ. ಕೋಟಿದ್ದಾಗಲೂ ಹಿಡಿದವನಲ್ಲ.

ಎಉಸೇಬಿಯಾ ಮಂಚದ ಅಂಚಿನಲ್ಲಿ ಕೂತಿದ್ದಳು. ಔಷಧಿಗೆ ನಾಲಿಗೆ ದಪ್ಪವಾಗಿತ್ತು, ಬಾಯಂಚಿನಲ್ಲಿ ಜೊಲ್ಲು. ನೀರಿನ ಲೋಟ ಹಿಡಿದರೂ ಕೈ ಅಲುಗುತ್ತಿತ್ತು. ಸೂಜಿಗೆ ಒಂದೇಟಿಗೆ ದಾರ ಪೋಣಿಸುತ್ತಿದ್ದ ಕೈ ಅದು. ನಾನು ಮಂಚದ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಕರವಸ್ತ್ರ ಹಾಸಿ ಗೊಂಬೆ ಇಟ್ಟೆ. ಅವಳು ನೋಡಿದಳು. ಅದರ ಮುಖವನ್ನು ಬೆರಳಿಂದ ಮುಟ್ಟಿದಳು.

"ಹೊತ್ತಾಯ್ತಾ?" ಎಂದಳು.

"ಆಗ್ತಾ ಬಂತು."

ಗಡಿಯಾರ ಹನ್ನೆರಡಕ್ಕೆ ಬಂದಾಗ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಬೆರ್ತೊಲೊತ್ತಿ, ಲುಕ್ರೇಸಿಯಾ, ಹಿಂದೆ ಮೂರ್ನಾಲ್ಕು ಹೊಸಬರು. ಅದು ಆಕಸ್ಮಿಕವಲ್ಲ. ದಿನವನ್ನೂ ಹೊತ್ತನ್ನೂ ಅವರಿಗೆ ಹೇಳಿದವಳು ನಾನೇ, ಆ ಬುಧವಾರ. ಪರೀಕ್ಷೆ ಮಾಡಲು ಬಂದಿದ್ದರು. ನನ್ನನ್ನು ನೋಡಿಯೂ ನೋಡದಂತೆ ಬೆರ್ತೊಲೊತ್ತಿ ಅವಳ ಮುಂದೆ ಬಗ್ಗಿದರು.

"ಎಉಸೇಬಿಯಾ, ಹೆಂಗಿದೀಯಮ್ಮ? ಈಗ ಮಧ್ಯಾಹ್ನ. ಹೇಳು, ನಿನ್ ಮಗ ಬಂದಿದಾನಾ?"

ಅವಳು ಗೊಂಬೆಯನ್ನು ನೋಡಿದಳು. ನನ್ನನ್ನು ನೋಡಿದಳು. ಬಾಗಿಲ ಕಡೆ, ಡಾಕ್ಟರ ಕಾಲುಗಳ ನಡುವೆ, ಕೂಸಿನ ಎತ್ತರದಲ್ಲಿ ನೋಡಿದಳು. ತುಂಬಾ ಹೊತ್ತು ಅಲ್ಲೇ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು.

"ಇಲ್ಲ ಸ್ವಾಮಿ. ಯಾರೂ ಬಂದಿಲ್ಲ. ಸತ್ತೋರು ಬರಾಕಿಲ್ಲ."

"ವೆರಿ ಗುಡ್," ಎಂದರು ಬೆರ್ತೊಲೊತ್ತಿ. ಹೊಸಬರು ಬರೆದುಕೊಂಡರು. ನರ್ಸು ಬಂದು, "ಹೊರಗಿನ ತಿಂಡಿ ಒಳಗೆ ಬಿಡಲ್ಲ," ಎಂದು ಗೊಂಬೆಯನ್ನು ಕರವಸ್ತ್ರದ ಸಮೇತ ಎತ್ತಿಕೊಂಡು ಹೋದಳು. ನನ್ನ ತೋಳು ಹಿಡಿದು ಹೊರಗೆ ಕಳಿಸಿದರು. ನಾನು ಕೂಗಾಡಿದೆ. ಹೊಸಬನೊಬ್ಬ ಅದನ್ನೂ ಬರೆದುಕೊಂಡ.

ಎಉಸೇಬಿಯಾಳನ್ನು ಬಿಟ್ಟಿದ್ದು ಇಲ್ಲಿನ ಬೇಸಿಗೆ ಮುಗಿಯುವಾಗ, ಮಾರ್ಚಿನಲ್ಲಿ. ಗುಣವಾಗಿದೆ ಎಂದು ಬರೆದುಕೊಟ್ಟರು. ಅಷ್ಟರೊಳಗೆ ಲಿಸ್ಬೆತ್‌ಳನ್ನು ದೂರದ ಊರಿನ ಮಕ್ಕಳಿಲ್ಲದ ದಂಪತಿಗೆ ಒಪ್ಪಿಸಿಯಾಗಿತ್ತು. ಹುಡುಗಿ ಅಲ್ಲಿ ಹೊಂದಿಕೊಂಡಿದ್ದಾಳಂತೆ, ಮತ್ತೆ ಕದಲಿಸಿದರೆ ಅವಳ ಮನಸ್ಸಿಗೆ ಪೆಟ್ಟಾಗುತ್ತದಂತೆ. ಅದನ್ನು ಬರೆದುಕೊಟ್ಟವಳೂ ಒಬ್ಬ ಸೈಕಾಲಜಿಸ್ಟೇ.

ನಾನು ಗೇಟಿನ ಹತ್ತಿರ ಕಾದಿದ್ದೆ. ಎಉಸೇಬಿಯಾ ಊದಿಕೊಂಡಿದ್ದಳು, ಕಾಲೆಳೆದು ನಡೆಯುತ್ತಿದ್ದಳು. ನಮ್ಮ ಮನೆಗೆ ಬಾ, ಅವ್ವ ಕಾಯುತ್ತಿದ್ದಾಳೆ ಎಂದೆ. ಬೇಡ ಎಂದಳು. ಹೊಲಿಗೆ ಕೆಲಸ ಸಿಕ್ಕಿದೆ ಎಂದಳು. ಯಾರ ಹತ್ತಿರ ಎಂದು ಕೇಳಿದೆ. ಹೇಳಲಿಲ್ಲ. ಹೇಳದಿದ್ದರೂ ಗೊತ್ತಾಯಿತು. ಆ ಬೀಗದ ಮಾಲೀಕನನ್ನು ಬಿಟ್ಟರೆ ಅವಳ ನಡುಗುವ ಕೈಗೆ ಇನ್ನು ಯಾರು ಕೆಲಸ ಕೊಡುತ್ತಾರೆ?

ಬಸ್ ನಿಲ್ದಾಣದಲ್ಲಿ ಬಿಸಿಲಿಗೆ ನಿಂತೆವು. ಅವಳು ನನ್ನ ಮುಖ ನೋಡದೆ ಮಾತಾಡಿದಳು.

"ಡಾಕ್ಟ್ರವ್ವ, ಅವ್ರು ಕೇಳಿದ್ದನ್ನೇ ಹೇಳ್ದೆ ನಾನು. ಬಂದಿಲ್ಲ ಅಂದ್ರೆ ಮಗಳ್ನ ಕೊಡ್ತಾರೆ ಅನ್ಕಂಡೆ."

"ಗೊತ್ತು ಎಉಸೇಬಿಯಾ."

"ಅವನು ಬಂದಿದ್ದ. ಅಲ್ಲೇ ಬಾಗ್ಲಾಗೆ ನಿಂತಿದ್ದ. ಅವನ ಮುಂದೇನೇ ಯಾರೂ ಬಂದಿಲ್ಲ ಅಂದ್ಬುಟ್ಟೆ. ಕೇಳುಸ್ಕಂಡಿರ್ತಾನಲ್ವಾ?"

ಬಸ್ಸು ಬಂತು. ಅವಳು ಕಂಬಿ ಹಿಡಿದುಕೊಂಡು ಹತ್ತಿದಳು.